ಸ್ವಭಾವದ ದಾರಿಯಲ್ಲಿ ಆಚಾರ್ಯ ಶಾಂತಿಸಾಗರರು

ಬೆಳಗಾವಿಯ ಕೋಟೆಯೊಳಗಿರುವ ಕಮಲ ಬಸದಿಯಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ ಛಾವಣಿಯಲ್ಲಿ ಅರಳಿದ ಕಲ್ಲಿನ ಕಮಲವೊಂದು ಕಾಣುತ್ತದೆ. ರಟ್ಟರ ದೊರೆ ನಾಲ್ವಡಿ ಕಾರ್ತವೀರ್ಯನ ಕಾಲದಲ್ಲಿ, 1204ರ ಸುಮಾರಿಗೆ, ಅವನ ಮಂತ್ರಿ ಬೀಚಿರಾಜನು ಕಟ್ಟಿಸಿದ ಬಸದಿ ಇದು. ಆ ಕಮಲಕ್ಕೆ 72 ಎಸಳುಗಳು. ಕಳೆದ ಕಾಲದ 24, ಈ ಕಾಲದ 24, ಬರಲಿರುವ ಕಾಲದ 24, ಹೀಗೆ ಮೂರು ಚೌವೀಸಿಗಳ ತೀರ್ಥಂಕರರು ಅಲ್ಲಿದ್ದಾರೆ. ಒಬ್ಬರ ರೂಪಕ್ಕೂ ಇನ್ನೊಬ್ಬರ ರೂಪಕ್ಕೂ ಭೇದವನ್ನು ಹುಡುಕುವುದು ಕಷ್ಟ. ಲಾಂಛನವೊಂದಿಲ್ಲದಿದ್ದರೆ ವೃಷಭನಾರು, ಶಾಂತಿನಾಥನಾರು ಎಂದು ಹೇಳಲು ನುರಿತ ಕಣ್ಣಿಗೂ ಆಗದು. ಆದರೆ ಪುರಾಣಗಳನ್ನು ತೆರೆದರೆ ಒಬ್ಬರ ಬಾಳು ಇನ್ನೊಬ್ಬರಂತೆ ನಡೆದಿಲ್ಲ. ವೃಷಭನಾಥರು ಜನರಿಗೆ ಕೃಷಿಯನ್ನೂ ಮಸಿಯನ್ನೂ ಕಲಿಸಿ, ರಾಜ್ಯವಾಳಿ, ಮಕ್ಕಳಿಗೆ ನಾಡು ಹಂಚಿಕೊಟ್ಟು ಹೊರಟರು. ನೇಮಿನಾಥರು ಮದುವೆಯ ದಿಬ್ಬಣದಲ್ಲಿ ಹೋಗುತ್ತಿರುವಾಗಲೇ ಕಟ್ಟಿಹಾಕಿದ ಪ್ರಾಣಿಗಳ ಕೂಗು ಕೇಳಿ ರಥವನ್ನು ತಿರುಗಿಸಿದರು. ಪಾರ್ಶ್ವನಾಥರು ಹಲವು ಜನ್ಮಗಳಿಂದ ಬೆನ್ನು ಹತ್ತಿದ ವೈರವನ್ನು ಕದಲದೆ ನಿಂತು ಸಹಿಸಿದರು. ತಲುಪಿದ ಮೇಲೆ ರೂಪ ಒಂದೇ ಆಯಿತು. ನಡೆದ ದಾರಿಯ ಧೂಳು ಮಾತ್ರ ಅವರವರದೇ ಆಗಿತ್ತು.

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋದರೆ ಹಲಸಿ ಸಿಗುತ್ತದೆ. ಕದಂಬರ ಕಾಲದ ಪಲಾಶಿಕಾ ನಗರ ಅದೇ. ಐದನೆಯ ಶತಮಾನದಲ್ಲಿ ಕದಂಬ ದೊರೆ ಮೃಗೇಶವರ್ಮನು ತೀರಿಹೋದ ತನ್ನ ತಂದೆಯ ಮೇಲಿನ ಭಕ್ತಿಯಿಂದ ಅಲ್ಲಿ ಜಿನಾಲಯವೊಂದನ್ನು ಕಟ್ಟಿಸಿ, 33 ನಿವರ್ತನ ಭೂಮಿಯನ್ನು ದತ್ತಿ ಬಿಟ್ಟ ಸಂಗತಿ ಹಲಸಿಯ ತಾಮ್ರಪಟದಿಂದ ತಿಳಿದುಬರುತ್ತದೆ. ಆ ದತ್ತಿಯನ್ನು ಪಡೆದವರು ಯಾಪನೀಯರು, ನಿರ್ಗ್ರಂಥರು ಮತ್ತು ಕೂರ್ಚಕರು. ಮೂರೂ ಬೇರೆ ಬೇರೆ ಸಂಘಗಳು. ಆಚಾರದಲ್ಲಿ ಒಂದಕ್ಕೊಂದು ಭೇದವಿದ್ದವು. ದತ್ತಿ ಬೇಕಿದ್ದರೆ ಒಬ್ಬರು ಇನ್ನೊಬ್ಬರಂತೆ ಆಗಿ ಬನ್ನಿರಿ ಎಂಬ ಷರತ್ತು ಆ ಶಾಸನದಲ್ಲಿಲ್ಲ. ಸ್ವತಃ ವೈದಿಕ ಮನೆತನದಲ್ಲಿ ಹುಟ್ಟಿದ ದೊರೆಗೆ ಇಷ್ಟು ಔದಾರ್ಯ ಹೇಗೆ ಸಾಧ್ಯವಾಯಿತೆಂಬುದು ಯೋಚಿಸತಕ್ಕ ವಿಷಯ.

ಈ ಮಣ್ಣಿನಲ್ಲಿಯೇ, ಇದಾಗಿ ಸುಮಾರು 1400 ವರ್ಷಗಳ ನಂತರ, ಮೆಚ್ಚಿದವರನ್ನು ಅನುಕರಿಸುವುದು ಬೇರೆ, ಅನುಸರಿಸುವುದು ಬೇರೆ ಎಂಬುದನ್ನು ಬದುಕಿ ತೋರಿಸಿದ ಒಬ್ಬ ಮಹಾಪುರುಷರು ಹುಟ್ಟಿದರು. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರಳಿ ಜೀವ ತುಂಬಿದ ಚಾರಿತ್ರ ಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರೇ ಅವರು.

1872ರಲ್ಲಿ ಯಳಗೂಡದಲ್ಲಿ, ತಾಯಿಯ ತವರುಮನೆಯಲ್ಲಿ, ಅವರ ಜನನವಾಯಿತು. ತಂದೆ ಭೀಮಗೌಡ ಪಾಟೀಲ, ತಾಯಿ ಸತ್ಯವತಿ. ಮನೆತನದ ಊರು ಅಲ್ಲಿಗೆ ಸಮೀಪದ ಭೋಜ. ವೇದಗಂಗಾ ಮತ್ತು ದೂಧಗಂಗಾ ನದಿಗಳು ಕೂಡುವ ಎಡೆ. ಮಗುವಿಗೆ ಸಾತಗೌಡನೆಂದು ಹೆಸರಿಟ್ಟರು. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿಗೇ ಮದುವೆ. ಆರು ವರ್ಷದ ಆ ಹುಡುಗಿ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡಳು. ಮುಂದೆ ಎರಡನೆಯ ಮದುವೆಯ ಮಾತು ಬಂದಾಗ ಸಾತಗೌಡ ಒಪ್ಪಲಿಲ್ಲ. ಶಾಲೆಯ ಓದು ಮೂರನೆಯ ಇಯತ್ತೆಯ ಆಚೆಗೆ ಹೋಗಲಿಲ್ಲ. ಹೊಲವಿತ್ತು, ಮನೆಯಲ್ಲಿ ಪಾಟೀಲಕಿಯ ಗೌರವವಿತ್ತು, ಬಟ್ಟೆಯ ಅಂಗಡಿಯೂ ಇತ್ತು.

ಅಂಗಡಿಯ ಕತೆಯನ್ನು ಭೋಜದ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ತಮ್ಮ ಕುಂಭಗೌಡ ಅಂಗಡಿಯಲ್ಲಿಲ್ಲದ ದಿನ ಸಾತಗೌಡ ಕುಳಿತಿದ್ದರೆ, ಗಿರಾಕಿಗಳು ತಮಗೆ ಬೇಕಾದ ಬಟ್ಟೆಯನ್ನು ತಾವೇ ಅಳೆದು ಹರಿದುಕೊಂಡು, ಲೆಕ್ಕವನ್ನು ತಾವೇ ವಹಿಯಲ್ಲಿ ಬರೆದು ಹೋಗುತ್ತಿದ್ದರಂತೆ. ಹೊಲಕ್ಕೆ ಹೋದರೆ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸುತ್ತಿರಲಿಲ್ಲ. ಅವಕ್ಕೆ ಕುಡಿಯಲು ನೀರನ್ನೂ ಇಟ್ಟು ಬೆನ್ನು ತಿರುಗಿಸಿ ಕೂರುತ್ತಿದ್ದರೆಂದು ಚರಿತ್ರೆಯನ್ನು ಬರೆದವರು ದಾಖಲಿಸಿದ್ದಾರೆ. ವ್ಯವಹಾರದ ಕಣ್ಣಿಗೆ ಇದು ಮೊದ್ದುತನ. ಇಂಥವನು ಸಂಸಾರ ಹೇಗೆ ನಡೆಸಿಯಾನು ಎಂದು ನಕ್ಕವರೂ ಇದ್ದಿರಬೇಕು. ಯಾರನ್ನೋ ನೋಡಿ ಕಲಿತ ನಡವಳಿಕೆ ಇದಾಗಿರಲಿಲ್ಲ. ದೀಕ್ಷೆಗೆ ಬಹಳ ಮೊದಲೇ, ಪಿಂಛಿ ಕಮಂಡಲುಗಳ ಸುಳಿವೂ ಇಲ್ಲದಿದ್ದಾಗ, ಅಹಿಂಸೆ ಮತ್ತು ಅಪರಿಗ್ರಹಗಳು ಅವರಲ್ಲಿ ಸಹಜವಾಗಿದ್ದವು. ಬಿತ್ತುವ ಮೊದಲೇ ಹದವಾದ ನೆಲ ಅದು.

ಆ ಕಾಲದಲ್ಲಿ ದಿಗಂಬರ ಮುನಿಗಳು ದೇಶದಲ್ಲಿ ಬೆರಳೆಣಿಕೆಯಷ್ಟೇ ಇದ್ದರು. ಉತ್ತರದಲ್ಲಂತೂ ಎಷ್ಟೋ ತಲೆಮಾರುಗಳ ಶ್ರಾವಕರು ಮುನಿದರ್ಶನವಿಲ್ಲದೆಯೇ ಬಾಳು ಮುಗಿಸಿದ್ದರು. ದಕ್ಷಿಣದಲ್ಲಿ, ಬೆಳಗಾವಿ ಕೊಲ್ಲಾಪುರಗಳ ಈ ಸೀಮೆಯಲ್ಲಿ, ಆ ಪರಂಪರೆ ಕ್ಷೀಣವಾಗಿಯಾದರೂ ಉಳಿದಿತ್ತು. ಆದಿಸಾಗರ ಮುನಿಗಳು ಭೋಜಕ್ಕೆ ಬರುತ್ತಿದ್ದರು. ಅವರು ನದಿ ದಾಟಬೇಕಾದಾಗ ಗಟ್ಟಿಮುಟ್ಟಾದ ಮೈಕಟ್ಟಿನ ಸಾತಗೌಡ ಅವರನ್ನು ಹೆಗಲ ಮೇಲೆ ಹೊತ್ತು ಹೊಳೆಯನ್ನು ದಾಟಿಸುತ್ತಿದ್ದರು. ಮುನಿಗಳ ಮೇಲೆ ಅವರಿಗಿದ್ದ ಭಕ್ತಿ ಅಪಾರ. ಹದಿನೆಂಟರ ಹರೆಯದಲ್ಲಿಯೇ ಮನಸ್ಸು ತ್ಯಾಗದ ಕಡೆಗೆ ವಾಲಿತ್ತು. ಆದರೆ ಮನೆಯಲ್ಲಿ ತಂದೆತಾಯಿಗಳಿದ್ದರು. ತಾವು ಬದುಕಿರುವ ತನಕ ಮನೆಯಲ್ಲಿದ್ದೇ ಧರ್ಮಸಾಧನೆ ಮಾಡಬೇಕೆಂಬುದು ಅವರ ಬಯಕೆ. ಸಾತಗೌಡ ಒಪ್ಪಿದರು. ಹೀಗೆ ಎರಡು ದಶಕಗಳು ಸಂದುಹೋದವು. ಹೆಗಲ ಮೇಲೆ ಮುನಿಯನ್ನು ಹೊತ್ತವರು ದಡ ಸೇರಿದ ಮೇಲೆ ಮರಳಿ ಮನೆಗೆ, ಹೊಲಕ್ಕೆ, ಅಂಗಡಿಗೆ ಹೋಗುತ್ತಿದ್ದರು.

ಈ ಕಾಯುವಿಕೆಯನ್ನು ಹಿಂಜರಿಕೆಯೆಂದು ತಿಳಿದವರು ಆದಿಪುರಾಣದ ಒಂದು ಪ್ರಸಂಗವನ್ನು ನೆನೆಯಬೇಕು. ವೃಷಭದೇವರು ದೀಕ್ಷೆ ಕೈಗೊಂಡಾಗ ಅವರೊಡನೆ ನಾಲ್ಕು ಸಾವಿರ ಅರಸರು ದೀಕ್ಷೆ ಪಡೆದರು. ಸ್ವಾಮಿ ಮಾಡಿದ್ದನ್ನು ತಾವೂ ಮಾಡಬೇಕು ಎಂಬ ಸ್ವಾಮಿಭಕ್ತಿಯೊಂದೇ ಅವರ ಕಾರಣ. ಏಕೆ ಹೊರಟಿದ್ದಾರೆ, ಎತ್ತ ಹೊರಟಿದ್ದಾರೆ ಎಂದು ಯಾರೂ ಕೇಳಿಕೊಳ್ಳಲಿಲ್ಲ. ವೃಷಭದೇವರು ಆರು ತಿಂಗಳ ಉಪವಾಸವನ್ನು ಸಂಕಲ್ಪಿಸಿ ಕಾಯೋತ್ಸರ್ಗದಲ್ಲಿ ನಿಂತರು. ಅರಸರೂ ನಿಂತರು. ಕೆಲವು ದಿನ ಕಳೆಯಿತು. ಹಸಿವು ಬಾಯಾರಿಕೆಗಳು ಕಾಡತೊಡಗಿದವು. ಸ್ವಾಮಿ ಇನ್ನೇನು ಕಣ್ಣು ತೆರೆಯುತ್ತಾರೆ, ಇನ್ನೇನು ಊಟಕ್ಕೆ ಹೊರಡುತ್ತಾರೆ ಎಂದು ಒಬ್ಬರ ಮುಖವನ್ನೊಬ್ಬರು ನೋಡಿದರು. ಸ್ವಾಮಿ ಕದಲಲಿಲ್ಲ. ಮರಳಿ ಅಯೋಧ್ಯೆಗೆ ಹೋಗೋಣವೆಂದರೆ ಭರತನ ಭಯ. ಕೊನೆಗೆ ಕಾಡಿನ ಹಣ್ಣುಗಳನ್ನು ಕಿತ್ತು ತಿಂದು ಕೆರೆಯ ನೀರಿಗೆ ಬಾಯಿಟ್ಟರು. ಈ ದಿಗಂಬರ ರೂಪದಲ್ಲಿ ಇಂಥ ನಡತೆ ಸಲ್ಲದು ಎಂದು ವನದೇವತೆಗಳು ಎಚ್ಚರಿಸಿದಾಗ ಆ ರೂಪವನ್ನೇ ಬಿಟ್ಟು ನಾರುಬಟ್ಟೆ ಉಟ್ಟರು, ಬೂದಿ ಬಳಿದುಕೊಂಡರು, ತಮತಮಗೆ ತೋಚಿದ ಮಾರ್ಗ ಹಿಡಿದರು. ಅವರಲ್ಲಿ ಭರತನ ಮಗ ಮರೀಚಿಯೂ ಇದ್ದನು.

ಆ ಅರಸರ ಭಕ್ತಿ ಸುಳ್ಳಾಗಿರಲಿಲ್ಲ. ಅವರು ಯಾರನ್ನು ಮೆಚ್ಚಿದರೋ ಆ ವ್ಯಕ್ತಿ ಮೆಚ್ಚುಗೆಗೆ ಸರ್ವಥಾ ಅರ್ಹರು. ನಿಂತ ಭಂಗಿಯಲ್ಲಿಯೂ ತಪ್ಪಿರಲಿಕ್ಕಿಲ್ಲ. ಆದರೂ ಬಿದ್ದರು. ಶಾಸ್ತ್ರಕಾರರು ದ್ರವ್ಯಲಿಂಗ, ಭಾವಲಿಂಗ ಎಂದು ಎರಡನ್ನು ಬೇರ್ಪಡಿಸಿ ಹೇಳಿರುವುದು ಇದಕ್ಕಾಗಿಯೇ. ಹೊರಗಿನ ರೂಪವೆಲ್ಲ ದ್ರವ್ಯಲಿಂಗ. ಒಳಗಿನ ಪರಿಣಾಮ ಭಾವಲಿಂಗ. ಭಾವವಿಲ್ಲದ ನಗ್ನತೆಗೆ ಬೆಲೆಯಿಲ್ಲವೆಂದು ಕುಂದಕುಂದಾಚಾರ್ಯರು ತಮ್ಮ ಪಾಹುಡಗಳಲ್ಲಿ ನಿಷ್ಠುರವಾಗಿ ವಿವರಿಸಿದ್ದಾರೆ. ಇನ್ನೊಬ್ಬರ ರೂಪವನ್ನು ಒಂದು ಗಳಿಗೆಯಲ್ಲಿ ಧರಿಸಬಹುದು. ಇನ್ನೊಬ್ಬರ ಪರಿಣಾಮವನ್ನು ಎರವಲು ತರಲು ಬರುವುದಿಲ್ಲ. ಅಂದಹಾಗೆ, ಬಿದ್ದ ಆ ಮರೀಚಿಯ ಜೀವವೇ ಎಣಿಸಲಾಗದಷ್ಟು ಭವಗಳನ್ನು ಸುತ್ತಿ, ಸಿಂಹವಾಗಿ ಹುಟ್ಟಿದ ಭವದಲ್ಲಿ ಚಾರಣ ಮುನಿಗಳಿಂದ ಬೋಧೆ ಪಡೆದು, ಕಡೆಗೆ ವರ್ಧಮಾನ ಮಹಾವೀರರಾಗಿ ತೀರ್ಥ ಪ್ರವರ್ತನ ಮಾಡಿತು. ಅಜ್ಜನನ್ನು ಅನುಕರಿಸಿದಾಗ ದಕ್ಕದ್ದು ತನ್ನ ದಾರಿಯನ್ನು ತಾನೇ ಸವೆಸಿದಾಗ ದಕ್ಕಿತು.

ಸಾತಗೌಡರ ತಂದೆತಾಯಿಗಳು ಕಾಲವಾದರು. ಮನೆಯ ಋಣ ತೀರಿತು. 1915ರಲ್ಲಿ, ತಮ್ಮ ನಲವತ್ಮೂರನೆಯ ವಯಸ್ಸಿನಲ್ಲಿ, ಇಂದಿನ ಕೊಲ್ಲಾಪುರ ಜಿಲ್ಲೆಯ ಉತ್ತೂರಿನಲ್ಲಿದ್ದ ದೇವೇಂದ್ರಕೀರ್ತಿ ಸ್ವಾಮಿಗಳ ಬಳಿಗೆ ಅವರು ಹೋದರು. ಜನ ದೇವಪ್ಪಸ್ವಾಮಿಗಳೆಂದು ಕರೆಯುತ್ತಿದ್ದುದು ಇವರನ್ನೇ. ಸಾತಗೌಡರು ಬೇಡಿದ್ದು ಮುನಿದೀಕ್ಷೆಯನ್ನು. ಮೆಟ್ಟಿಲು ಮೆಟ್ಟಿಲಾಗಿ ಏರುವುದೇ ಕ್ಷೇಮವೆಂದು ಗುರುಗಳು ಕ್ಷುಲ್ಲಕ ದೀಕ್ಷೆಯನ್ನಿತ್ತರು. ಶಿಷ್ಯರು ತಲೆಬಾಗಿ ಸ್ವೀಕರಿಸಿದರು. ಸಾತಗೌಡ ಶಾಂತಿಸಾಗರರಾದರು.

ಅವರ ಬಾಳಿನ ನಿಜವಾದ ಪರೀಕ್ಷೆ ಆಮೇಲೆ ಬಂತು. ಕೊಗನೊಳಿಯ ಬಸದಿಯಲ್ಲಿ ಧ್ಯಾನಸ್ಥರಾಗಿದ್ದಾಗ ಹಾವೊಂದು ಅವರ ಮೈಮೇಲೆ ಹರಿದಾಡಿತು, ಅವರು ಕದಲಲಿಲ್ಲ ಎಂಬ ಪ್ರಸಂಗ ಎಲ್ಲರ ಬಾಯಲ್ಲಿದೆ, ಚಿತ್ರಪಟಗಳಲ್ಲಿಯೂ ಬಂದಿದೆ. ಹಾವನ್ನು ಎದುರಿಸುವುದಕ್ಕೆ ಧೈರ್ಯ ಸಾಕು. ತಾನು ಪೂಜಿಸುವ ಗುರುಪರಂಪರೆಯ ರೂಢಿಯೊಂದು ಶಾಸ್ತ್ರಕ್ಕೆ ಸರಿಹೊಂದುವುದಿಲ್ಲವೆಂದು ಕಂಡಾಗ ಏನು ಮಾಡಬೇಕು? ಇಲ್ಲಿ ಧೈರ್ಯವೊಂದೇ ಸಾಲದು; ಧೈರ್ಯವೇ ಹೆಚ್ಚಾಗಿ ಅಹಂಕಾರವಾಗುವ ಅಪಾಯವಿದೆ.

ರೂಢಿ ಹೀಗಿತ್ತು. ಪರಕೀಯರ ಆಳ್ವಿಕೆಯ ಶತಮಾನಗಳಲ್ಲಿ ಮುನಿಗಳ ಸಂಚಾರಕ್ಕೆ ಅಡ್ಡಿಗಳು ಬಂದು, ಆಚಾರದಲ್ಲಿ ಶೈಥಿಲ್ಯ ಸೇರಿಕೊಂಡಿತ್ತು. ಮುನಿಗಳು ಬಸದಿಯಿಂದ ಆಹಾರಕ್ಕೆಂದು ಊರೊಳಗೆ ಹೋಗುವಾಗ ಮೈಮೇಲೆ ಬಟ್ಟೆ ಹೊದ್ದುಕೊಳ್ಳುತ್ತಿದ್ದರು. ಇಂದು ಇಂಥವರ ಮನೆಯಲ್ಲಿ ಆಹಾರವೆಂದು ಬಸದಿಯ ಉಪಾಧ್ಯಾಯರು ಮೊದಲೇ ಗೊತ್ತುಮಾಡಿ, ತಾವೇ ಜೊತೆಗೆ ಕರೆದೊಯ್ಯುತ್ತಿದ್ದರು. ಯಾರೂ ಇದನ್ನು ಕೆಟ್ಟ ಮನಸ್ಸಿನಿಂದ ಮಾಡುತ್ತಿರಲಿಲ್ಲ. ಕಷ್ಟಕಾಲದಲ್ಲಿ ಮುನಿಧರ್ಮ ಸಂಪೂರ್ಣ ಅಳಿಯದಿರಲೆಂದು ಹುಟ್ಟಿದ ಉಪಾಯಗಳು ಅವು. ಆ ಉಪಾಯಗಳಿಲ್ಲದಿದ್ದರೆ ಶಾಂತಿಸಾಗರರಿಗೆ ದೀಕ್ಷೆ ಕೊಡಲು ಒಬ್ಬ ಗುರುವೂ ಉಳಿಯುತ್ತಿರಲಿಲ್ಲವೇನೋ. ಆದ್ದರಿಂದ ಹಿಂದಿನವರನ್ನು ಹಗುರವಾಗಿ ಕಾಣುವ ಅಧಿಕಾರ ಇಂದಿನವರಿಗಿಲ್ಲ. ಆದರೂ ಮುನಿಯ ಆಹಾರಚರ್ಯೆಗೆ ಮೂಲಾಚಾರ ಮೊದಲಾದ ಗ್ರಂಥಗಳು ವಿಧಿಸಿದ ಕ್ರಮ ಬೇರೆ. ಮುನಿಯು ಮನಸ್ಸಿನಲ್ಲಿ ನಿಯಮವೊಂದನ್ನು ಹಿಡಿದು, ಯಾರಿಗೂ ಸೂಚನೆಯಿಲ್ಲದೆ ಹೊರಡಬೇಕು. ಶ್ರಾವಕರು ತಮ್ಮ ಬಾಗಿಲಲ್ಲಿ ನಿಂತು ಭಕ್ತಿಯಿಂದ ಪಡಿಗಾಹನ ಮಾಡಬೇಕು. ನಿಯಮ ಕೂಡಿಬಂದರೆ ಆಹಾರ, ಇಲ್ಲವಾದರೆ ಉಪವಾಸ. ಇಂಥ ಮನೆಯೆಂದು ಮೊದಲೇ ಗೊತ್ತಾದ ಅಡುಗೆ ಮುನಿಗಾಗಿಯೇ ಮಾಡಿದ ಅಡುಗೆಯಾಗುತ್ತದೆ.

ಮೂರನೆಯ ಇಯತ್ತೆ ಓದಿದ ಶಾಂತಿಸಾಗರರು ಶಾಸ್ತ್ರಗಳನ್ನು ತಾಳ್ಮೆಯಿಂದ ಓದಿದರು, ಬಲ್ಲವರಿಂದ ಓದಿಸಿ ಕೇಳಿದರು. ಕೇಳಿದ್ದು ಮನಸ್ಸಿಗೆ ಒಪ್ಪಿತು. ಗುರುಗಳೊಡನೆ ಅವರು ವಾದಕ್ಕಿಳಿಯಲಿಲ್ಲ. ರೂಢಿಯನ್ನು ಖಂಡಿಸಿ ಊರೂರು ಸುತ್ತಲೂ ಇಲ್ಲ. ಮುಂಚಿತವಾಗಿ ಗೊತ್ತುಮಾಡಿದ ಮನೆಗೆ ಹೋಗುವುದನ್ನು ಮಾತ್ರ ನಿಲ್ಲಿಸಿದರು. ಪರಿಣಾಮವನ್ನು ಅನುಭವಿಸಿದವರೂ ಅವರೇ. ಪಡಿಗಾಹನದ ವಿಧಿಯೇ ಶ್ರಾವಕರಿಗೆ ಮರೆತುಹೋಗಿತ್ತು. ಮನೆಮನೆಯಲ್ಲಿ ಭಕ್ತಿಯಿತ್ತು, ಅಡುಗೆಯೂ ಇತ್ತು, ಕರೆಯುವ ಬಗೆ ತಿಳಿದಿರಲಿಲ್ಲ. ಬೀದಿಯಲ್ಲಿ ಹೋಗಿ ಹಾಗೆಯೇ ಬಸದಿಗೆ ಮರಳಿದ ದಿನಗಳು ಬಂದವು. ಆರು ತಿಂಗಳ ಉಪವಾಸ ಮುಗಿಸಿ ಆಹಾರಕ್ಕೆ ಹೊರಟ ವೃಷಭದೇವರಿಗೆ ಆದದ್ದೂ ಇದೇ. ಜನ ಆನೆ, ಕುದುರೆ, ರತ್ನಗಳನ್ನು ತಂದು ಮುಂದಿಟ್ಟರೇ ಹೊರತು ಮುನಿಗೆ ಆಹಾರ ಕೊಡುವ ಬಗೆ ಯಾರಿಗೂ ಗೊತ್ತಿರಲಿಲ್ಲ. ಹಸ್ತಿನಾಪುರದ ಶ್ರೇಯಾಂಸನಿಗೆ ಪೂರ್ವಭವದ ಸ್ಮರಣೆಯಾಗಿ ಕಬ್ಬಿನ ಹಾಲನ್ನು ನೀಡುವವರೆಗೆ ಕಾಯಬೇಕಾಯಿತು. ಅದರ ನೆನಪೇ ಅಕ್ಷಯ ತೃತೀಯ. ಬೆಳಗಾವಿ ಸೀಮೆಯ ಹಳ್ಳಿಗಳ ಶ್ರಾವಕರು ಶ್ರೇಯಾಂಸನ ಪಾಠವನ್ನು ಮತ್ತೆ ಕಲಿಯಲು ಕೆಲಕಾಲ ಹಿಡಿಯಿತು. ಕಲಿಸಿದ್ದು ಉಪದೇಶದಿಂದಲ್ಲ, ಒಬ್ಬ ತ್ಯಾಗಿಯ ಬರಿಹೊಟ್ಟೆಯಿಂದ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಜೀವಂತ ಗುರುವಿನ ರೂಢಿಯನ್ನು ಬಿಟ್ಟು ಸಾವಿರಾರು ವರ್ಷಗಳ ಹಿಂದಿನ ಗ್ರಂಥವನ್ನು ಹಿಡಿದರೆ ಅದೂ ಒಂದು ಅನುಕರಣವೇ ಅಲ್ಲವೆ? ಮೇಲ್ನೋಟಕ್ಕೆ ಹಾಗೆ ತೋರೀತು. ಮುನಿಗೆ 28 ಮೂಲಗುಣಗಳನ್ನು ಗ್ರಂಥ ಹೇಳುತ್ತದೆ. ಆದರೆ ಭೋಜದ ಪಾಟೀಲರ ಮನೆಯ ಈ ಮಗ ಎಷ್ಟು ಹಸಿವು ತಡೆದಾನು, ಯಾವ ರಸವನ್ನು ಬಿಟ್ಟಾನು, ಯಾವ ಊರಿನಲ್ಲಿ ಎಷ್ಟು ದಿನ ನಿಂತಾನು ಎಂಬುದು ಯಾವ ಗ್ರಂಥದಲ್ಲಿಯೂ ಇಲ್ಲ. ಅದನ್ನು ಅವನೇ ತನ್ನ ಶಕ್ತಿಯನ್ನು ಅಳೆದು ಕಂಡುಕೊಳ್ಳಬೇಕು. ಶಕ್ತಿಯನ್ನು ಮುಚ್ಚಿಡಬಾರದು, ಶಕ್ತಿಯನ್ನು ಮೀರಿ ನಟಿಸಲೂ ಬಾರದು. ತಪಸ್ಸಿನ ವಿಷಯದಲ್ಲಿ ಜೈನಾಚಾರ್ಯರು ಎಳೆದ ಗೆರೆ ಇದು. ಅನುಕರಿಸುವವನ ಕಣ್ಣು ಸದಾ ಇನ್ನೊಬ್ಬನ ಮೇಲಿರುತ್ತದೆ. ಅನುಸರಿಸುವವನು ದಾರಿಯನ್ನು ಮೊದಲು ನೋಡುತ್ತಾನೆ, ನಂತರ ತನ್ನ ಕಾಲನ್ನು ನೋಡಿಕೊಳ್ಳುತ್ತಾನೆ.

ಮುಂದೆ ಯಾತ್ರಾರ್ಥಿಗಳೊಡನೆ ಗಿರನಾರಕ್ಕೆ ಹೋದಾಗ, ನೇಮಿನಾಥರು ಮುಕ್ತಿ ಪಡೆದ ಆ ಬೆಟ್ಟದಲ್ಲಿ, ಮೈಮೇಲಿದ್ದ ಹೊದಿಕೆಯನ್ನು ತ್ಯಜಿಸಿ ಐಲಕರಾದರು. ಕಮಲ ಬಸದಿಯ ಗರ್ಭಗೃಹದಲ್ಲಿ ಕುಳಿತಿರುವವರೂ ಅದೇ ನೇಮಿನಾಥರೆಂಬುದು ಬೆಳಗಾವಿಯ ಭಕ್ತರಿಗೆ ಹಿತವೆನಿಸುವ ಸಂಗತಿ. ಆ ಯಾತ್ರೆಯ ನಂತರ ವಾಹನಗಳನ್ನೂ ಬಿಟ್ಟರು. 1920ರಲ್ಲಿ ಬೆಳಗಾವಿ ಜಿಲ್ಲೆಯ ಯರನಾಳದಲ್ಲಿ ಪಂಚಕಲ್ಯಾಣ ಮಹೋತ್ಸವದ ಸಂದರ್ಭದಲ್ಲಿ ದೇವೇಂದ್ರಕೀರ್ತಿ ಸ್ವಾಮಿಗಳಿಂದಲೇ ಮುನಿದೀಕ್ಷೆ ಪಡೆದರು. ನಿರ್ಗ್ರಂಥ ದೀಕ್ಷೆ ಎಷ್ಟು ಕಠಿಣವೆಂದು ಗುರುಗಳು ಮತ್ತೆ ಎಚ್ಚರಿಸಿ ನೋಡಿದ ಮೇಲೆಯೇ ಅದು ದೊರೆಯಿತು. ಆಚಾರದಲ್ಲಿ ಭೇದವಿದ್ದರೂ ದೀಕ್ಷೆಗಾಗಿ ಅದೇ ಗುರುವಿನ ಪಾದಕ್ಕೇ ಮರಳಿದ್ದನ್ನು ಗಮನಿಸಬೇಕು. ಗುರುವಿನ ರೂಢಿಯನ್ನು ಬಿಟ್ಟವರು ಗುರುವನ್ನು ಬಿಡಲಿಲ್ಲ. ಮುಂದೆ ಆ ಗುರುಗಳೇ ಶಿಷ್ಯನ ನಿರ್ದೋಷ ಚರ್ಯೆಯನ್ನು ಕಂಡು ಅವರ ಬಳಿ ಪುನರ್ದೀಕ್ಷೆ ಪಡೆದರೆಂದು ಪರಂಪರೆ ಹೇಳುತ್ತದೆ. ಗುರುಗಳಿಗೂ ಗುರು ಎಂಬ ಬಿರುದು ಶಾಂತಿಸಾಗರರ ಹೆಸರಿನೊಡನೆ ಸೇರಿಕೊಂಡದ್ದು ಹೀಗೆ. ಶಿಷ್ಯನ ದೊಡ್ಡತನಕ್ಕಿಂತ, ವಯಸ್ಸು, ಪದವಿ ಎಲ್ಲವನ್ನೂ ಬದಿಗಿಟ್ಟು ಶಿಷ್ಯನೆದುರು ಕೈಮುಗಿದು ನಿಂತ ಆ ಹಿರಿಯರ ದೊಡ್ಡತನವನ್ನು ಜನ ಕಡಿಮೆ ನೆನೆಯುತ್ತಾರೆ.

1924ರಲ್ಲಿ ಸಾಂಗಲಿ ಸೀಮೆಯ ಸಮಡೋಳಿಯಲ್ಲಿ ಚತುರ್ವಿಧ ಸಂಘವು ಅವರಿಗೆ ಆಚಾರ್ಯ ಪದವಿಯನ್ನಿತ್ತಿತು. ಆಗ ಅವರ ಸುತ್ತ ಶಿಷ್ಯರು ಸೇರತೊಡಗಿದ್ದರು. ಅವರೆಲ್ಲ ಒಂದೇ ಅಚ್ಚಿನ ಮೂರ್ತಿಗಳಾಗಿರಲಿಲ್ಲ. ಕುಡಚಿಯ ನೇಮಿಸಾಗರರು ಒಂದು ಬಗೆ. ಮರಾಠವಾಡದಿಂದ ಬಂದ ವೀರಸಾಗರರು ಮಿತಭಾಷಿಗಳು, ಮಕ್ಕಳಿಗೆ ಧರ್ಮಪಾಠ ಹೇಳಿ ಬಂದವರು. ಇವರಲ್ಲಿ ಪಾಯಸಾಗರರ ಕತೆ ಎಲ್ಲಕ್ಕಿಂತ ವಿಲಕ್ಷಣವಾದದ್ದು. ಅವರು ಐನಾಪುರದವರು; ಪೂರ್ವಾಶ್ರಮದಲ್ಲಿ ನಾಟಕದ ನಟರು. ಇನ್ನೊಬ್ಬರ ಮಾತು, ನಡೆ, ಅಳು, ನಗುಗಳನ್ನು ತನ್ನದಾಗಿ ಮಾಡಿ ತೋರಿಸುವುದೇ ಅವರ ಕಸುಬು. ರಾತ್ರಿ ಅರಸ, ಬೆಳಗಾದರೆ ಬಣ್ಣ ತೊಳೆದ ಸಾಮಾನ್ಯ ಮನುಷ್ಯ. ಅಂಥವರು ಶಾಂತಿಸಾಗರರ ಎದುರು ಬಂದು ನಿಂತಾಗ ಕಂಡದ್ದು ಬಣ್ಣವಿಲ್ಲದ, ಬಟ್ಟೆಯೂ ಇಲ್ಲದ, ಯಾರಂತೆಯೂ ಕಾಣಲು ಯತ್ನಿಸದ ಒಬ್ಬ ವ್ಯಕ್ತಿಯನ್ನು. ರಂಗದ ಬದುಕು ಅಲ್ಲಿಗೆ ಮುಗಿಯಿತು. ಆದರೆ ರಂಗಭೂಮಿ ಕೊಟ್ಟಿದ್ದ ವಾಣಿ ಮುಗಿಯಲಿಲ್ಲ. ಮುಂದೆ ಪಾಯಸಾಗರರು ಪ್ರವಚನದಿಂದ ಜನರನ್ನು ಸೆಳೆದರು. ಇವರ ಶಿಷ್ಯರು ಜಯಕೀರ್ತಿಗಳು, ಅವರ ಶಿಷ್ಯರು ಬೆಳಗಾವಿ ಜಿಲ್ಲೆಯ ಕೋಥಳಿಯ ದೇಶಭೂಷಣ ಮಹಾರಾಜರು, ಅವರ ಶಿಷ್ಯರು ಶೇಡಬಾಳದ ವಿದ್ಯಾನಂದರು. ಈ ಸಾಲಿನಲ್ಲಿ ಒಬ್ಬರ ಧಾಟಿ ಒಬ್ಬರಿಗಿರಲಿಲ್ಲ.

1927ರಲ್ಲಿ ಹೊರಟ ಸಂಘ ಕಾಲ್ನಡಿಗೆಯಲ್ಲಿಯೇ ಸಮ್ಮೇದ ಶಿಖರಜಿಯನ್ನು ತಲುಪಿತು. ಉತ್ತರ ಭಾರತದ ಊರುಗಳು ದಿಗಂಬರ ಮುನಿಗಳನ್ನು ಕಣ್ಣಾರೆ ಕಂಡವು. ದಿಲ್ಲಿಯಲ್ಲಿ ಚಾತುರ್ಮಾಸವಾಯಿತು. ಕನ್ನಡ ಮರಾಠಿಗಳಲ್ಲಿ ಬೆಳೆದ ಆಚಾರ್ಯರು ಅಲ್ಲಿಯ ಪಂಡಿತರ ಮುಂದೆ ಪಂಡಿತರಂತೆ ಮಾತಾಡಲು ಹೋಗಲಿಲ್ಲ. ಹಳ್ಳಿಯ ರೈತನ ನೇರ ಮಾತಿನಲ್ಲಿಯೇ ಧರ್ಮ ಹೇಳಿದರು. ತಮಗೆ ಪಾಂಡಿತ್ಯವಿಲ್ಲವೆಂಬುದನ್ನು ಅವರು ಮುಚ್ಚಿಡಲಿಲ್ಲ, ಪಾಂಡಿತ್ಯವನ್ನು ಕೀಳಾಗಿಯೂ ಕಾಣಲಿಲ್ಲ. ಮೂಡಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದಿದ್ದ ಧವಲ ಮುಂತಾದ ಸಿದ್ಧಾಂತ ಗ್ರಂಥಗಳು ಹುಳುವಿಗೆ ತುತ್ತಾಗಬಾರದೆಂದು ಅವುಗಳನ್ನು ತಾಮ್ರಪಟಗಳಲ್ಲಿ ಕೊರೆಯಿಸುವ ಕಾರ್ಯಕ್ಕೆ ಪ್ರೇರಣೆಯಿತ್ತವರು ಅವರೇ. ಆ ತಾಮ್ರಪಟಗಳು ಫಲಟಣದಲ್ಲಿವೆ. ಗ್ರಂಥ ಬರೆಯುವುದು ಅವರ ಸ್ವಭಾವವಾಗಿರಲಿಲ್ಲ. ಗ್ರಂಥ ಉಳಿಯಬೇಕೆಂಬ ಕಾಳಜಿ ಅವರದಾಗಿತ್ತು.

ಮುನಿಜೀವನದ ಮೂವತ್ತೈದು ವರ್ಷಗಳಲ್ಲಿ ಅವರು ಮಾಡಿದ ಉಪವಾಸಗಳು 9938 ಎಂದು ಅವರ ಚರಿತ್ರೆಯಲ್ಲಿ ಲೆಕ್ಕ ಹಾಕಿದ್ದಾರೆ. ಈ ಸಂಖ್ಯೆಯನ್ನು ಕೇಳಿ ತಾವೂ ಹಾಗೆ ಮಾಡುತ್ತೇವೆಂದು ಹೊರಡುವ ಉತ್ಸಾಹಿಗಳು ಇಂದಿಗೂ ಇದ್ದಾರೆ. ಆಚಾರ್ಯರು ತಮ್ಮ ಬಳಿಗೆ ಬಂದವರಿಗೆ ಕೊಡುತ್ತಿದ್ದ ವ್ರತಗಳಾದರೋ ಬಹಳ ಸಾಧಾರಣವಾದವು. ರೈತನಿಗೆ ಒಂದು, ವ್ಯಾಪಾರಿಗೆ ಒಂದು. ಒಬ್ಬರಿಗೆ ಮದ್ಯಮಾಂಸ ತ್ಯಾಗ, ಇನ್ನೊಬ್ಬರಿಗೆ ರಾತ್ರಿಭೋಜನ ತ್ಯಾಗ, ಮತ್ತೊಬ್ಬರಿಗೆ ದಿನಕ್ಕೊಮ್ಮೆ ಜಿನದರ್ಶನ. ತಮ್ಮ ತಪಸ್ಸಿನ ಅಳತೆಯಲ್ಲಿ ಇನ್ನೊಬ್ಬರಿಗೆ ಅಂಗಿ ಹೊಲಿಯುವ ಅಭ್ಯಾಸ ಅವರಿಗಿರಲಿಲ್ಲ. ಅವರ ಕಾಲಾನಂತರ ಅವರ ಹೆಸರಿನಲ್ಲಿಯೇ ಯಾರ ಪರಂಪರೆ ಮೊದಲು, ಯಾರದು ಶುದ್ಧ ಎಂದು ನಡೆದ ಚರ್ಚೆಗಳನ್ನು ನೋಡಿದರೆ, ಅವರ ನಡೆಗಿಂತ ಅವರ ಪಟ ಸಮಾಜಕ್ಕೆ ಸುಲಭವಾಗಿ ದಕ್ಕಿದೆಯೆಂದೇ ಹೇಳಬೇಕಾಗುತ್ತದೆ.

ಎಂಬತ್ತು ದಾಟಿದ ಮೇಲೆ ಅವರ ಕಣ್ಣುಗಳು ಮಂಜಾದವು. ದೇಹ ಇನ್ನೂ ಗಟ್ಟಿಯಾಗಿತ್ತು. ಇನ್ನೂ ಕೆಲವು ವರ್ಷ ಬದುಕಬಹುದಾಗಿತ್ತು. ಆದರೆ ಮುಂದಿನ ನೆಲ ಕಾಣದೆ ಈರ್ಯಾಸಮಿತಿ ಹೇಗೆ ಸಾಧ್ಯ? ಕಾಲಡಿಯ ಇರುವೆ ಕಾಣದಿದ್ದರೆ, ಕೈಯಲ್ಲಿಟ್ಟ ತುತ್ತನ್ನು ಶೋಧಿಸಲಾಗದಿದ್ದರೆ, ಹೆಸರಿಗೆ ಮುನಿಯಾಗಿ ಉಳಿಯುವುದೇ ಹೊರತು ಮುನಿಧರ್ಮ ಉಳಿಯುವುದಿಲ್ಲ. ಭಕ್ತರು ಅವರನ್ನು ಕೈಹಿಡಿದು ನಡೆಸಲು, ಹೊತ್ತೊಯ್ಯಲು ಸಿದ್ಧರಿದ್ದರು. ತಾವೇ ಒಂದು ಕಾಲಕ್ಕೆ ಮುನಿಗಳನ್ನು ಹೆಗಲ ಮೇಲೆ ಹೊತ್ತವರು ಹೆಗಲೇರಲು ಒಪ್ಪಲಿಲ್ಲ. ಕುಲಭೂಷಣ, ದೇಶಭೂಷಣ ಮುನಿಗಳು ಸಿದ್ಧಿ ಪಡೆದ ಕುಂಥಲಗಿರಿಗೆ ಬಂದು 1955ರ ಆಗಸ್ಟ್ 14ರಂದು ಸಲ್ಲೇಖನವನ್ನು ಸ್ವೀಕರಿಸಿದರು.

ಆಚಾರ್ಯ ಪದವಿಯನ್ನು ಯಾರಿಗೆ ಒಪ್ಪಿಸಬೇಕೆಂಬ ಪ್ರಶ್ನೆಯಿತ್ತು. ಸುತ್ತಲೂ ಸಾವಿರಾರು ಭಕ್ತರು ನೆರೆದಿದ್ದರು, ತ್ಯಾಗಿಗಳಿದ್ದರು. ಆಚಾರ್ಯರು ಆರಿಸಿದ್ದು ಆಗ ದೂರದ ಜಯಪುರದಲ್ಲಿದ್ದ ವೀರಸಾಗರರನ್ನು. ಮಾತು, ಮೈಕಟ್ಟು, ಹುಟ್ಟಿದ ನಾಡು, ಯಾವುದರಲ್ಲಿಯೂ ಗುರುವನ್ನು ಹೋಲದ ಶಿಷ್ಯ. ಆಗಸ್ಟ್ ತಿಂಗಳಲ್ಲಿಯೇ ಆ ನಿರ್ಣಯ ಹೊರಬಿದ್ದು, ಕುಂಥಲಗಿರಿಯಿಂದ ಪಿಂಛಿ ಕಮಂಡಲುಗಳು ಜಯಪುರಕ್ಕೆ ಹೋದವು. ಸೆಪ್ಟೆಂಬರ್ 8ರಂದು, ಸಲ್ಲೇಖನದ ಇಪ್ಪತ್ತಾರನೆಯ ದಿನ, ಆಚಾರ್ಯರು ಮರಾಠಿಯಲ್ಲಿ ಕೊನೆಯ ಉಪದೇಶ ಮಾಡಿದರು. ಧ್ವನಿಮುದ್ರಣವಾದ ಆ ಉಪದೇಶ ಇಂದಿಗೂ ಉಳಿದಿದೆ. ಪ್ರತಿಯೊಬ್ಬರೂ ದಿನದಲ್ಲಿ ಸ್ವಲ್ಪ ಹೊತ್ತಾದರೂ ತಮ್ಮ ಆತ್ಮವನ್ನು ತಾವು ಚಿಂತಿಸಬೇಕೆಂಬುದೇ ಅದರ ತಿರುಳು. ತಮ್ಮ ತಪಸ್ಸಿನ ಮಾತಾಗಲಿ, ತಮ್ಮಂತೆ ಆಗಬೇಕೆಂಬ ಅಪೇಕ್ಷೆಯಾಗಲಿ ಅದರಲ್ಲಿಲ್ಲ.

ಸೆಪ್ಟೆಂಬರ್ 18ರ ಬೆಳಿಗ್ಗೆ, ಸಲ್ಲೇಖನದ ಮೂವತ್ತಾರನೆಯ ದಿನ, ಸಿದ್ಧಪರಮೇಷ್ಠಿಗಳ ಸ್ಮರಣೆಯಲ್ಲಿ ಅವರು ದೇಹ ಬಿಟ್ಟರು. ವೀರಸಾಗರರು ಜಯಪುರದಲ್ಲಿ ತಮ್ಮ ಚಾತುರ್ಮಾಸವನ್ನು ಮುಂದುವರಿಸಿದರು.